44ನೇ ನಂಬರಿನ ಅಂಗಿ

ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಕಾಗದ ಬರೆದರೆ ವಿಳಾಸದ ಕೊನೆಗೆ 13244 ಎಂದು ಹಾಕಬೇಕು. ಅದರ ಬಾಲದಲ್ಲಿರುವ 44 ಅಮೆರಿಕನ್ ಫುಟ್‌ಬಾಲ್ ಅಂಗಿಯೊಂದರ ನಂಬರು. ಆ ಅಂಗಿ ತೊಟ್ಟವರು ಹಲವರಿದ್ದರೂ ಅದಕ್ಕೆ ಹೆಸರು ತಂದವರು ಮೂವರು. ಮೂವರಲ್ಲಿ ನಡುವಿನವರು ಎರ್ನಿ ಡೇವಿಸ್.

ಮೊದಲನೆಯವರು ಜಿಮ್ ಬ್ರೌನ್. ವಿದ್ಯಾರ್ಥಿವೇತನವಿಲ್ಲದೆ ಬಂದ ಈ ಕಪ್ಪು ಹುಡುಗನ ಮೊದಲ ವರ್ಷದ ಖರ್ಚನ್ನು ಊರಿನ ಹಿತೈಷಿಗಳು ಚಂದಾ ಎತ್ತಿ ಭರಿಸಿದ್ದರು. 1956ರಲ್ಲಿ ಕೋಲ್ಗೇಟ್ ತಂಡದ ವಿರುದ್ಧ ಬ್ರೌನ್ ಒಬ್ಬರೇ 43 ಅಂಕ ಗಳಿಸಿದರು. ಆದರೂ ಆ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯ ಮತದಾನದಲ್ಲಿ ಅವರಿಗೆ ಸಿಕ್ಕಿದ್ದು ಐದನೇ ಸ್ಥಾನ. ಮೈಬಣ್ಣವೇ ಅಡ್ಡ ಬಂತೆಂದು ನಂಬುವವರ ಸಾಲಿನಲ್ಲಿ ನಾನೂ ಇದ್ದೇನೆ.

ಡೇವಿಸ್ ಹುಟ್ಟುವ ಮೊದಲೇ ತಂದೆ ಅಪಘಾತದಲ್ಲಿ ತೀರಿಕೊಂಡಿದ್ದರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯಲ್ಲಿ ಅಜ್ಜ ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗನಿಗೆ ಮಾತು ತೊದಲುತ್ತಿತ್ತು. ಹನ್ನೆರಡರ ವಯಸ್ಸಿಗೆ ಎಲ್ಮೈರಾದಲ್ಲಿದ್ದ ತಾಯಿಯ ಬಳಿ ಬಂದ. ಶಾಲೆ ಮುಗಿಯುವ ಹೊತ್ತಿಗೆ ಹಲವು ಕಾಲೇಜುಗಳು ಕರೆದವು. ಸಿರಕ್ಯೂಸ್‌ಗೆ ಬಾ ಎಂದು ಕರೆದವರಲ್ಲಿ ಸ್ವತಃ ಬ್ರೌನ್ ಇದ್ದರು. ಅವರ 44 ಇವರ ಬೆನ್ನಿಗೆ ಬಂತು.

ಡೇವಿಸ್ ಆಡುತ್ತಿದ್ದುದು ರನ್ನಿಂಗ್ ಬ್ಯಾಕ್ ಆಗಿ. ಹಾಗೆಂದರೆ ಚೆಂಡನ್ನು ಅವುಚಿಕೊಂಡು, ಕೆಡವಲು ಮೇಲೆರಗುವವರ ನಡುವೆ ಸಂದು ಹುಡುಕಿ ನುಗ್ಗುವವನು. ಡೇವಿಸ್ ಪ್ರತಿ ಓಟಕ್ಕೆ ಸರಾಸರಿ 6.6 ಗಜ ಗಳಿಸಿದರು. 1960ರ ಜನವರಿ 1, ಡಲ್ಲಾಸ್‌ನ ಕಾಟನ್ ಬೌಲ್ ಪಂದ್ಯ, ಎದುರಾಳಿ ಟೆಕ್ಸಸ್. ತೊಡೆಯ ಸ್ನಾಯು ಸೆಳೆತದಲ್ಲೇ ಇಳಿದಿದ್ದ ಡೇವಿಸ್, ಆಟ ಶುರುವಾಗುತ್ತಿದ್ದಂತೆ ಗೆರ್ಹಾರ್ಡ್ ಶ್ವೇಡೆಸ್ ಎಸೆದ ಚೆಂಡನ್ನು ಹಿಡಿದು ಓಡಿದರು. 87 ಗಜಗಳ ಆ ಟಚ್‌ಡೌನ್ ಹಾದಿ ತೋರಿತು. ಸಿರಕ್ಯೂಸ್ 23–14ರಿಂದ ಗೆದ್ದಿತು. ಅಂದಿನ ಶ್ರೇಷ್ಠ ಆಟಗಾರ ಡೇವಿಸ್. ರಾತ್ರಿಯ ಔತಣಕೂಟದಲ್ಲಿ ಮಾತ್ರ, ಪ್ರಶಸ್ತಿ ಪಡೆದೊಡನೆ ಕಪ್ಪು ಆಟಗಾರರು ಹೊರಡಬೇಕೆಂದು ಸೂಚನೆ ಬಂತು.

1961ರಲ್ಲಿ ಹೈಸ್ಮನ್ ಡೇವಿಸ್ ಕೈಗೆ ಬಂತು. ಅದನ್ನು ಪಡೆದ ಮೊದಲ ಕಪ್ಪು ಆಟಗಾರ ಅವರೇ. ವೃತ್ತಿಪರ ಲೀಗಿನ ಆಯ್ಕೆಯಲ್ಲೂ ಮೊದಲ ಹೆಸರು ಅವರದೇ. ವಾಷಿಂಗ್ಟನ್ ತಂಡ ಆರಿಸಿಕೊಂಡು, ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ ಜಿಮ್ ಬ್ರೌನ್ ಆಡುತ್ತಿದ್ದರು! ಇಬ್ಬರು 44ಗಳು ಅಕ್ಕಪಕ್ಕ ನಿಂತು ಓಡುವುದನ್ನು ಊರೇ ಎದುರು ನೋಡಿತು.

1962ರ ಬೇಸಿಗೆಯಲ್ಲಿ ಡೇವಿಸ್‌ಗೆ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅಭ್ಯಾಸ ಪಂದ್ಯವೊಂದರ ಸಂಜೆ ಡೇವಿಸ್ ಮೈದಾನಕ್ಕೆ ಓಡಿ ಬಂದರು. ದೀಪದ ಬೆಳಕಿನ ವೃತ್ತ ಅವರನ್ನೇ ಹಿಂಬಾಲಿಸಿತು, ಇಡೀ ಕ್ರೀಡಾಂಗಣ ಎದ್ದು ನಿಂತಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಅವರು ಓಡಿದ್ದು ಅಷ್ಟೇ. 1963ರ ಮೇ 18ರಂದು ತೀರಿಕೊಂಡಾಗ ವಯಸ್ಸು 23.

ಅದಕ್ಕೆ ಮುಂಚೆ ಅವರು ಇನ್ನೊಂದು ಕೆಲಸ ಮಾಡಿದ್ದರು. ಕನೆಕ್ಟಿಕಟ್‌ನ ಫ್ಲಾಯ್ಡ್ ಲಿಟಲ್ ಎಂಬ ಹುಡುಗನನ್ನು ಕಂಡು, ಬ್ರೌನ್ ತಮ್ಮನ್ನು ಕರೆದಂತೆಯೇ ಸಿರಕ್ಯೂಸ್‌ಗೆ ಕರೆದಿದ್ದರು. ಯಾವ ಕಾಲೇಜು ಎಂದು ಲಿಟಲ್ ಇನ್ನೂ ತೂಗುತ್ತಿದ್ದರು. ಡೇವಿಸ್ ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಅವರು ತೂಗಲಿಲ್ಲ. ತರಬೇತುದಾರ ಬೆನ್ ಶ್ವಾರ್ಟ್ಸ್‌ವಾಲ್ಡರ್‌ಗೆ ಫೋನ್ ಮಾಡಿ, ಬರುತ್ತೇನೆ ಎಂದರು.