ಸ್ವೆತ್ಲಾನಾ: ನಮ್ಮ ಶ್ವೇತಾಳ ದೂರದ ಬಂಧು

ನ್ಯೂಜೆರ್ಸಿಯಲ್ಲಿ ನನ್ನ ಬಳಿ ಚಿಕಿತ್ಸೆಗೆ ಬರುವ ರಷ್ಯನ್ ಮೂಲದವರಲ್ಲಿ ಸ್ವೆತ್ಲಾನಾ ಎಂಬ ಹೆಸರು ಅಪರೂಪವಲ್ಲ. ನಮ್ಮ ಶ್ವೇತಾ ಎಂಬ ಹೆಸರಿನೊಡನೆ ಇದಕ್ಕಿರುವ ಹೋಲಿಕೆ ಆಕಸ್ಮಿಕವೂ ಅಲ್ಲ. ರಷ್ಯನ್ ಭಾಷೆಯ ‘ಸ್ವೆತ್’ ಎಂದರೆ ಬೆಳಕು; ಅದೂ ಸಂಸ್ಕೃತದ ‘ಶ್ವೇತ’ವೂ ಒಂದೇ ಮೂಲದಿಂದ ಕವಲೊಡೆದ ಪದಗಳು. ಕವಿ ಝುಕೋವ್‌ಸ್ಕಿ 1813ರಲ್ಲಿ ಪ್ರಕಟಿಸಿದ ಕಥನಕವನದಿಂದ ಈ ಹೆಸರು ಜನಪ್ರಿಯವಾಯಿತು.

ಈ ಹೆಸರಿನವರು ಸೌಮ್ಯರು, ಉಲ್ಲಾಸಶೀಲರು ಎಂದು ನಾಮಫಲ ಹೇಳುವವರುಂಟು. ಸ್ಟಾಲಿನ್‌ನ ಮಗಳು ಸ್ವೆತ್ಲಾನಾ ಅವರ ಬದುಕು ಅದಕ್ಕೆ ಒಪ್ಪುವುದಿಲ್ಲ. ಬಾಳಸಂಗಾತಿ ಬ್ರಜೇಶ್ ಸಿಂಗ್ ಅವರ ಚಿತಾಭಸ್ಮದೊಡನೆ ಭಾರತಕ್ಕೆ ಬಂದಿದ್ದ ಅವರು, 1967ರಲ್ಲಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಆಶ್ರಯ ಕೋರಿದರು. ಅದೇ ವರ್ಷ ನ್ಯೂಯಾರ್ಕಿಗೆ ಬಂದಿಳಿದು, ಮುಂದೆ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದರು. 1970ರ ವಿವಾಹದೊಂದಿಗೆ ‘ಲಾನಾ ಪೀಟರ್ಸ್’ ಆದರು. ಹೆಸರಿನಿಂದ ಉದುರಿದ್ದು ಬೆಳಕೆಂಬ ಅರ್ಥದ ಭಾಗವೇ. ಆದರೂ ಜಗತ್ತು ಅವರನ್ನು ಕೊನೆಯವರೆಗೆ ಸ್ಟಾಲಿನ್‌ನ ಮಗಳೆಂದೇ ಗುರುತಿಸಿತು.

ಇಲ್ಲಿ ಹುಟ್ಟುವ ಮೊಮ್ಮಕ್ಕಳಿಗೆ ಹೆಸರು ಹುಡುಕುವ ಹಿರಿಯರಿಗೂ, ಇತ್ತ ಬರಲಿರುವ ತರುಣರಿಗೂ ನನ್ನದೊಂದು ಮಾತು. ಹೆಸರು ಯಾರ ಸ್ವಭಾವವನ್ನೂ ನಿರ್ಧರಿಸದು. ಆದರೆ ಅಮೆರಿಕನ್ನರ ನಾಲಿಗೆಗೆ ಸುಲಭವಾಗಲೆಂದು ಮೊಟಕುಗೊಳಿಸುವಾಗ, ಅರ್ಥ ಹೊತ್ತ ಅಕ್ಷರಗಳನ್ನಾದರೂ ಉಳಿಸಿಕೊಳ್ಳಿ.