ಸೆಕ್ಯೂರ್ ಸಾಫ್ಟ್‌ವೇರ್ ಸರ್ಟಿಫಿಕೇಟ್: ಅದರಲ್ಲಿ ಕೇಳುವುದು ಎಂತ?

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದ ಹಾಗೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಟ್ರೈನಿಂಗ್ ಜಾಹೀರಾತುಗಳ ಮಳೆ. ಅದರಲ್ಲಿ ಈಗ ಜೋರಾಗಿ ಓಡುತ್ತಿರುವುದು 'ಸೆಕ್ಯೂರ್ ಸಾಫ್ಟ್‌ವೇರ್ ಡೆವಲಪ್‌ಮೆಂಟ್'. ಮೂರು ತಿಂಗಳ ಕೋರ್ಸ್, ಕೊನೆಗೊಂದು ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ. ಫೀಸು ಎಷ್ಟು ಅಂತ ಮಾತ್ರ ಫೋನ್ ಮಾಡಿದ ಮೇಲೆಯೇ ಗೊತ್ತಾಗೋದು. ಮನೆಯಲ್ಲಿ ಸೆಮಿಸ್ಟರ್ ಫೀಸಿಗೇ ಲೆಕ್ಕ ಹಾಕುವ ಹೊತ್ತಲ್ಲಿ ಇನ್ನೊಂದು ದೊಡ್ಡ ಮೊತ್ತ ಕೇಳುವ ಮೊದಲು, ಈ ಸರ್ಟಿಫಿಕೇಟ್‌ಗಳ ಒಳಗೆ ಎಂತ ಉಂಟು ಅಂತ ಬಿಡಿಸಿ ನೋಡೋಣ.

ಮೊದಲು ಎರಡು ಬೇರೆ ಬೇರೆ ವಸ್ತುಗಳನ್ನು ಬೇರೆ ಮಾಡಿಕೊಳ್ಳಬೇಕು. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಒಂದು. ಕ್ಲಾಸಿಗೆ ಬಂದಿದ್ದೀರಿ, ವಿಡಿಯೋ ನೋಡಿದ್ದೀರಿ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಪಾಠ ಮಾಡಿದವರಿಗೆ ಸಂಬಂಧವಿಲ್ಲದ ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ವೃತ್ತಿ ಪ್ರಮಾಣಪತ್ರ ಇನ್ನೊಂದು. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. "ಪರೀಕ್ಷೆ ನಡೆಸುವುದು ಯಾರು?" ಅಂತ ಕೇಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೇ ಜಾತಿಯಲ್ಲಿ ಹೆಚ್ಚು ಹೆಸರು ಕೇಳುವುದು ಸಿಎಸ್‌ಎಸ್‌ಎಲ್‌ಪಿ. ಅಮೆರಿಕದ ಐಎಸ್‌ಸಿ2 ಸಂಸ್ಥೆಯದ್ದು. 125 ಪ್ರಶ್ನೆ, 3 ಗಂಟೆ, 1000ಕ್ಕೆ 700 ಬಂದರೆ ಪಾಸ್. ಫೀಸು 599 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ₹50,000 ಆಸುಪಾಸು. ಪಾಸಾದರೆ ಆಯ್ತಾ? ಇಲ್ಲ ಮಾರಾಯ್ರೆ. ಸಾಫ್ಟ್‌ವೇರ್ ತಯಾರಿಕೆಯಲ್ಲಿ ನಾಲ್ಕು ವರ್ಷದ ಕೆಲಸದ ಅನುಭವ ಬೇಕು. ನಮ್ಮಂಥ ನಾಲ್ಕು ವರ್ಷದ ಕಂಪ್ಯೂಟರ್ ಡಿಗ್ರಿ ಇದ್ದವರಿಗೆ ಒಂದು ವರ್ಷ ರಿಯಾಯಿತಿ ಸಿಗುತ್ತದೆ. ಅನುಭವ ಇಲ್ಲದೆಯೂ ಪರೀಕ್ಷೆ ಬರೆಯಬಹುದು, ಆಗ 'ಅಸೋಸಿಯೇಟ್' ಅಂತ ಇರಿಸಿಕೊಂಡು ಅನುಭವ ಪೂರೈಸಲು ಐದು ವರ್ಷ ಕೊಡುತ್ತಾರೆ. ಹಾಗಾಗಿ ಓದುತ್ತಿರುವಾಗಲೇ ನಿಮ್ಮನ್ನು ಪೂರ್ತಿ ಸಿಎಸ್‌ಎಸ್‌ಎಲ್‌ಪಿ ಮಾಡಿಬಿಡುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ನಿಯಮಕ್ಕೆ ಹೊಂದುವ ಮಾತಲ್ಲ.

ಅದರ ಪಠ್ಯಕ್ರಮ ಮಾತ್ರ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ಮತ್ತು ನಮಗೆ ಆಶ್ಚರ್ಯ ಆದದ್ದು ಅಲ್ಲೇ. ಒಟ್ಟು ಎಂಟು ವಿಭಾಗ. ಕೋಡ್ ಬರೆಯುವುದಕ್ಕೆ ಸಂಬಂಧಿಸಿದ ವಿಭಾಗಕ್ಕೆ 2023ರ ಪಠ್ಯದಲ್ಲಿ ಇರುವ ಪಾಲು ಶೇ. 14. ಅವಶ್ಯಕತೆ ಪಟ್ಟಿಗೆ 13, ವಿನ್ಯಾಸಕ್ಕೆ 15, ಟೆಸ್ಟಿಂಗ್‌ಗೆ 14. ಉಳಿದದ್ದು ಮೂಲ ಪರಿಕಲ್ಪನೆ, ಕೆಲಸದ ನಿರ್ವಹಣೆ, ಡಿಪ್ಲಾಯ್‌ಮೆಂಟ್, ಹೊರಗಿನಿಂದ ತಂದ ಕೋಡ್ ಇವುಗಳಿಗೆ ಹಂಚಿಹೋಗಿದೆ. ನಾವು 'ಸೆಕ್ಯೂರ್ ಕೋಡಿಂಗ್' ಅಂದಕೂಡಲೇ ಎಸ್‌ಕ್ಯುಎಲ್ ಇಂಜೆಕ್ಷನ್ ತಡೆಯುವುದು ಅಂದುಕೊಳ್ಳುತ್ತೇವೆ. ಪರೀಕ್ಷೆ ಮಾಡುವವರಿಗೆ ಅದು ಇಡೀ ಕಥೆಯ ಒಂದು ಸಣ್ಣ ಅಧ್ಯಾಯ.

ಯಾಕೆ ಹಾಗೆ ಅಂತ ನೋಡಲು ನಮ್ಮ ಪಕ್ಕದ್ದೇ ಉದಾಹರಣೆ ತಗೊಳ್ಳೋಣ. ಕಟಪಾಡಿ ಜಂಕ್ಷನ್‌ನಿಂದ ಶಿರ್ವದ ರಸ್ತೆ ಹಿಡಿದರೆ ಶಂಕರಪುರ. ಅಲ್ಲಿನ ಮಲ್ಲಿಗೆಯ ಲೆಕ್ಕ ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರ ಜಿಲ್ಲೆಯಿಂದ ಬಂದ ಹಾಸ್ಟೆಲಿನವರಿಗೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ಇಷ್ಟು ಅಂತ ದಿನಾ ದರ ನಿಗದಿ. ಬೆಳೆಗಾರರು ತಂದ ಹೂವನ್ನು ಏಜೆಂಟರು ಬರೆದುಕೊಳ್ಳುವುದಕ್ಕೆ, ಆ ದಿನದ ದರ ತೋರಿಸುವುದಕ್ಕೆ, ಕೊನೆಗೆ ಬಿಲ್ ಮಾಡುವುದಕ್ಕೆ ಒಂದು ಆ್ಯಪ್ ಮಾಡುತ್ತೇವೆ ಅಂದುಕೊಳ್ಳಿ. ಮಿನಿ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ಹಾಗೆ ಉಂಟಲ್ಲ?

ಕೋಡ್ ಮುಟ್ಟುವ ಮೊದಲು ಈ ಆ್ಯಪ್‌ನಲ್ಲಿ ಎಂತೆಂತ ಕೆಡಬಹುದು ಅಂತ ಕುಳಿತು ಬರೆಯುವುದಕ್ಕೆ ಥ್ರೆಟ್ ಮಾಡೆಲಿಂಗ್ ಅನ್ನುತ್ತಾರೆ. ಮೈಕ್ರೋಸಾಫ್ಟ್‌ನಲ್ಲಿ 1999ರಲ್ಲಿ ಹುಟ್ಟಿದ 'ಸ್ಟ್ರೈಡ್' ಅನ್ನುವ ಆರು ಪ್ರಶ್ನೆಗಳ ಪದ್ಧತಿ ಎಲ್ಲ ಟ್ರೈನಿಂಗ್‌ನಲ್ಲೂ ಬರುತ್ತದೆ. ಅದನ್ನು ಹೂವಿನ ಆ್ಯಪ್‌ಗೆ ಹಚ್ಚೋಣ. ಏಜೆಂಟರ ಹೆಸರಲ್ಲಿ ಬೇರೆಯವರು ಲಾಗಿನ್ ಆಗಬಹುದಾ? ಒಂದೇ ಫೋನಲ್ಲಿ ಅಪ್ಪ, ಮಗ ಇಬ್ಬರೂ ಲೆಕ್ಕ ಬರೆಯುವ ಮನೆಯಲ್ಲಿ ಇದು ಪುಸ್ತಕದ ಪ್ರಶ್ನೆ ಅಲ್ಲವೇ ಅಲ್ಲ. ನಿನ್ನೆಯ ಅಟ್ಟೆ ಲೆಕ್ಕವನ್ನು ಇವತ್ತು ಬದಲಿಸಬಹುದಾ? ದರ ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಆ್ಯಪ್ ತೆರೆದರೆ ಸರ್ವರ್ ನಿಲ್ಲುತ್ತದಾ? ದರ ಹಾಕುವ ಬಟನ್ ಬೆಳೆಗಾರರ ಸ್ಕ್ರೀನಿನಲ್ಲಿ ಕಾಣಿಸದಿರಬಹುದು, ಆದರೆ ಅದರ ಹಿಂದಿನ ಎಪಿಐಗೆ ನೇರ ರಿಕ್ವೆಸ್ಟ್ ಕಳಿಸಿದರೆ ಅದು ಒಪ್ಪಿಕೊಳ್ಳುತ್ತದಾ?

ಇನ್ನೊಂದು ಪ್ರಶ್ನೆ ನಮಗೆ ತುಂಬಾ ಇಷ್ಟವಾದದ್ದು. ಬೆಳೆಗಾರರು "ನಾನು ನಾಲ್ಕು ಚೆಂಡು ಕೊಟ್ಟಿದ್ದೆ" ಅನ್ನುತ್ತಾರೆ, ಏಜೆಂಟರು "ಇಲ್ಲ, ಮೂರೇ" ಅನ್ನುತ್ತಾರೆ. ಆ್ಯಪ್ ಯಾರ ಪರ? ಡೇಟಾಬೇಸ್‌ನಲ್ಲಿ ಬರೀ ಒಂದು ಸಂಖ್ಯೆ ಇದ್ದರೆ ಯಾರ ಪರವೂ ಅಲ್ಲ. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತಲ್ಲ, ಮನೆ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟರು ತಮ್ಮ ಪುಸ್ತಕದಲ್ಲೂ ಬರೆಯುತ್ತಾರೆ, ನಮ್ಮ ಪುಸ್ತಕದಲ್ಲೂ ಬರೆಯುತ್ತಾರೆ. ಎರಡೂ ಕಡೆ ದಾಖಲೆ ಇದ್ದರೆ ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ಹೂವಿನ ಆ್ಯಪ್‌ಗೂ ಅದೇ ಬೇಕು: ಹೂವು ಎಣಿಸಿದ ಕೂಡಲೇ ಬೆಳೆಗಾರರ ಫೋನಿಗೆ ಮೆಸೇಜು, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಅಳಿಸಲಾಗದ ಲಾಗ್.

ಆರರಲ್ಲಿ ಉಳಿದದ್ದು ಮಾಹಿತಿ ಸೋರುವುದು. ನಿಮ್ಮ ಬಿಲ್‌ನ ಕೊಂಡಿಯ ಕೊನೆಯಲ್ಲಿ 1041 ಅಂತ ಉಂಟು. ಅದನ್ನು 1042 ಅಂತ ತಿದ್ದಿ ಎಂಟರ್ ಒತ್ತಿದರೆ ಪಕ್ಕದ ಮನೆಯವರ ಬಿಲ್ ಕಾಣುತ್ತದೆ. ಇದಕ್ಕಿಂತ ಸುಲಭದ ದಾಳಿ ಇಲ್ಲ, ಹ್ಯಾಕರ್ ಬೇಕಾಗಿಲ್ಲ, ಕುತೂಹಲ ಇದ್ದರೆ ಸಾಕು. ಓವಾಸ್ಪ್ ಸಂಸ್ಥೆಯ 'ಟಾಪ್ 10' ಅಪಾಯಗಳ ಪಟ್ಟಿಯಲ್ಲಿ ಈ ಜಾತಿಯ ದೋಷ 2017ರಲ್ಲಿ ಐದನೇ ಸ್ಥಾನದಲ್ಲಿತ್ತು, 2021ರಲ್ಲಿ ಮೊದಲನೆಯದಾಯಿತು. ಗಮನಿಸಿ, ಇಲ್ಲಿ ಕೋಡ್‌ನಲ್ಲಿ ಬಗ್ ಇಲ್ಲ. ಬಿಲ್ ಕೇಳಿದಾಗ ಬಿಲ್ ಕೊಡು ಅಂತ ಹೇಳಿದ್ದೆವು, ಅದು ಕೊಟ್ಟಿತು. ಕೇಳಿದವರದ್ದೇ ಬಿಲ್ ಆಗಿರಬೇಕು ಅನ್ನುವ ಸಾಲು ನಮ್ಮ ಎಸ್‌ಆರ್‌ಎಸ್‌ನಲ್ಲಿ ಇರಲೇ ಇಲ್ಲ. ಇಲ್ಲದ ಸಾಲನ್ನು ಟೆಸ್ಟ್ ಮಾಡುವವರು ಯಾರು? ಸ್ಕ್ಯಾನ್ ಮಾಡುವ ಟೂಲ್‌ಗೂ ಇದು ಸುಲಭಕ್ಕೆ ಸಿಗುವುದಿಲ್ಲ, ಯಾಕೆಂದರೆ ಯಾರು ಯಾರ ಬಿಲ್ ನೋಡಬಹುದು ಅನ್ನುವುದು ಟೂಲ್‌ಗೆ ಗೊತ್ತಿಲ್ಲ. ಶೇ. 14 ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಉಂಟು.

ಮಲ್ಲಿಗೆ ಬಿಲ್ ಸೋರಿದರೆ ಮಹಾ ಏನಾದೀತು ಅನ್ನಬಹುದು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ ₹11 ಕೋಟಿಗೂ ಹೆಚ್ಚು ಹಣ ಹೋಯಿತು. ಟೆಂಡರ್ ಹಾಕುವ ಗುತ್ತಿಗೆದಾರರು ಇಟ್ಟಿದ್ದ ಮುಂಗಡ ಠೇವಣಿ ಅದು. ಸಿಐಡಿ ತನಿಖೆಯೂ ನಡೆಯಿತು. ಇಂಥ ವ್ಯವಸ್ಥೆಗೆ ಕೇಳಬೇಕಾದ ಪ್ರಶ್ನೆಗಳೂ ಹೂವಿನ ಆ್ಯಪ್‌ನವೇ: ಹಣ ಯಾವ ಖಾತೆಗೆ ಹೋಗಬೇಕು ಅಂತ ಯಾರು ನಿರ್ಧರಿಸುತ್ತಾರೆ, ಅದನ್ನು ಯಾರು ತಿದ್ದಬಹುದು, ತಿದ್ದಿದರೆ ಎರಡನೆಯವರ ಒಪ್ಪಿಗೆ ಬೇಕಾ?

ಎಂಟರಲ್ಲಿ ಕೊನೆಯ ವಿಭಾಗ, ಹೊರಗಿನಿಂದ ತಂದ ಕೋಡ್. ನಾವು ಹತ್ತು ಸಾಲು ಬರೆದು ನೂರು ಪ್ಯಾಕೇಜ್ ಇನ್‌ಸ್ಟಾಲ್ ಮಾಡುತ್ತೇವೆ. ಡಿಸೆಂಬರ್ 2021ರಲ್ಲಿ ಲಾಗ್4ಜೆ ಅನ್ನುವ ಜಾವಾ ಲೈಬ್ರರಿಯ ದೋಷ ಹೊರಬಿದ್ದಾಗ ಎಷ್ಟೋ ಕಂಪನಿಗಳಿಗೆ ತಾವು ಅದನ್ನು ಬಳಸುತ್ತಿದ್ದೇವಾ ಅಂತ ಹುಡುಕುವುದೇ ದೊಡ್ಡ ಕೆಲಸವಾಯಿತು. ಮಾರ್ಚ್ 2024ರಲ್ಲಿ ಎಕ್ಸ್‌ಝೆಡ್ ಅನ್ನುವ ಲಿನಕ್ಸ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಅಂತ ಒಬ್ಬ ಎಂಜಿನಿಯರ್ ತಲೆಕೆಡಿಸಿಕೊಂಡದ್ದರಿಂದ ಅದು ಬಯಲಾಯಿತು! ಬಳಸಿದ ಲೈಬ್ರರಿ ಮತ್ತು ಆವೃತ್ತಿಗಳ ಪಟ್ಟಿ ಇಡುವ ಬೇಸರದ ಕೆಲಸಕ್ಕೆ ಟ್ರೈನಿಂಗ್‌ನಲ್ಲಿ ಅಷ್ಟು ಜಾಗ ಸಿಗುವುದು ಇದಕ್ಕೇ.

ಕಂಪನಿಗಳು ಈಗ ಇದನ್ನೆಲ್ಲ ಕೇಳುವುದಕ್ಕೆ ಕಾನೂನಿನ ಕಾರಣವೂ ಉಂಟು. ಏಪ್ರಿಲ್ 2022ರ ಸರ್ಟ್-ಇನ್ ಆದೇಶದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸರಿಯಾದ ಭದ್ರತೆ ಇಡದಿದ್ದರೆ ₹250 ಕೋಟಿವರೆಗೆ ದಂಡಕ್ಕೆ ಅವಕಾಶ ಇದೆ.

ಸರಿ, ನಾವು ಈಗ ಎಂತ ಮಾಡಬಹುದು? ನಮ್ಮ ಅಭಿಪ್ರಾಯದಲ್ಲಿ ಓದುವಾಗ ₹50,000 ಪರೀಕ್ಷೆಗೆ ಅವಸರ ಬೇಡ, ಕೆಲಸಕ್ಕೆ ಸೇರಿದ ಮೇಲೆ ಬರೆಯಬಹುದು, ಎಷ್ಟೋ ಕಡೆ ಕಂಪನಿಯೇ ಫೀಸು ಕೊಡುತ್ತದೆ. ಲಿನಕ್ಸ್ ಫೌಂಡೇಶನ್ 'ಡೆವಲಪಿಂಗ್ ಸೆಕ್ಯೂರ್ ಸಾಫ್ಟ್‌ವೇರ್' ಅಂತ ಒಂದು ಉಚಿತ ಕೋರ್ಸ್ ಇಟ್ಟಿದೆ, 14ರಿಂದ 18 ಗಂಟೆಯದ್ದು, ಮುಗಿಸಿದರೆ ಸರ್ಟಿಫಿಕೇಟ್ ಕೂಡ ಬರುತ್ತದೆ. ಸೆಮಿಸ್ಟರ್ ರಜೆಯ ಒಂದು ವಾರ ಸಾಕು. ಕೈ ಪಳಗಿಸಲು ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯೂರಿಟಿ ಅಕಾಡೆಮಿ ಇದೆ, ಅದೂ ಉಚಿತ, 1041-1042ರ ಆಟಕ್ಕೆ ಅಲ್ಲಿ ಬೇಕಾದಷ್ಟು ಲ್ಯಾಬ್‌ಗಳಿವೆ. ಓವಾಸ್ಪ್‌ನ ಜ್ಯೂಸ್ ಶಾಪ್ ಅನ್ನುವ ಬೇಕಂತಲೇ ತೂತು ಬಿಟ್ಟ ಅಂಗಡಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಇದರ ಜೊತೆ ಮುಂದಿನ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ಗೆ ಒಂದು ಪುಟ ಸೇರಿಸಿ: ಯಾರು ಏನು ನೋಡಬಹುದು, ಯಾರು ಏನು ತಿದ್ದಬಹುದು ಅನ್ನುವ ಕೋಷ್ಟಕ. ಇಂಟರ್‌ವ್ಯೂನಲ್ಲಿ ಆ ಪುಟದ ಬಗ್ಗೆ ಹತ್ತು ನಿಮಿಷ ಮಾತಾಡಬಹುದು, ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ಬಗ್ಗೆ ಅಷ್ಟು ಹೊತ್ತು ಮಾತಾಡಲು ಏನಿರುತ್ತದೆ?

ಒಂದು ಎಚ್ಚರಿಕೆ. ಕಲಿತದ್ದನ್ನು ಪ್ರಯೋಗ ಮಾಡುವುದು ನಿಮ್ಮ ಸ್ವಂತ ಆ್ಯಪ್ ಅಥವಾ ಇಂಥ ಲ್ಯಾಬ್‌ಗಳ ಮೇಲೆ ಮಾತ್ರ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಮ್ ಹೊಕ್ಕರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಂತೆ ಪರಿಹಾರ ಕಟ್ಟಬೇಕಾಗಬಹುದು. ಅದರಲ್ಲಿ ಮೋಸದ ಉದ್ದೇಶ ಇತ್ತು ಅಂತಾದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು ಅಥವಾ ₹5 ಲಕ್ಷದವರೆಗೆ ದಂಡ ಅಥವಾ ಎರಡೂ. ರಿಸಲ್ಟ್ ನೋಡುವಾಗ ಯಾವುದಾದರೂ ಪೋರ್ಟಲ್‌ನಲ್ಲಿ ಅಕಸ್ಮಾತ್ ಬೇರೆಯವರ ವಿವರ ಕಂಡರೆ ಅಲ್ಲೇ ನಿಲ್ಲಿಸಿ. ಇನ್ನೆಷ್ಟು ಜನರದ್ದು ಕಾಣುತ್ತದೆ ಅಂತ ನೋಡಲು ಹೋಗಬೇಡಿ. ಕಂಡದ್ದನ್ನು ಅದನ್ನು ನಡೆಸುವವರಿಗೆ ಬರೆದು ತಿಳಿಸಿ, ಅವರು ಉತ್ತರ ಕೊಡದಿದ್ದರೆ ಸರ್ಟ್-ಇನ್‌ಗೂ ತಿಳಿಸಬಹುದು. ಸ್ಕ್ರೀನ್‌ಶಾಟ್ ತೆಗೆದು ಕ್ಲಾಸ್ ಗ್ರೂಪಿಗೆ ಹಾಕುವುದು ಬೇಡವೇ ಬೇಡ.