ಸಿಹಿನೀರ ತೊಟ್ಟಿಯೂ ಉಪ್ಪುನೀರ ತೊಟ್ಟಿಯೂ

ಕೂಟಗಲ್ಲಿನ ಸುತ್ತಮುತ್ತ ಬೆಳೆದವರಿಗೆ ಮೀನು ಸಾಕುವ ಹವ್ಯಾಸ ಅಪರಿಚಿತವಾದುದೇನಲ್ಲ. ಕೆರೆಯ ಕೋಡಿ ಹರಿಯುವ ದಿನಗಳಲ್ಲಿ ಟವೆಲಿನ ಚೌಕವನ್ನು ಒಡ್ಡಿ ಮರಿಮೀನು ಹಿಡಿದು, ಗಾಜಿನ ಸೀಸೆಯಲ್ಲಿ ತುಂಬಿ, ಮನೆಯ ಕಿಟಕಿಯಲ್ಲಿಟ್ಟು ನೋಡುವ ಸಂತೋಷವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಆ ಸೀಸೆಯೇ ಹಿಗ್ಗಿ ಇಂದು ಅಕ್ವೇರಿಯಂ ಎಂಬ ಹೆಸರಿನಿಂದ ಪಟ್ಟಣದ ಮನೆಗಳ ಪಡಸಾಲೆಯಲ್ಲಿಯೂ ಶಾಲೆಗಳ ಮೊಗಸಾಲೆಯಲ್ಲಿಯೂ ಸ್ಥಾನ ಪಡೆದಿದೆ. ಇದನ್ನು ಇಡತಕ್ಕವರಲ್ಲಿ ಎರಡು ಪಂಗಡಗಳುಂಟು. ಬಹುಮಂದಿ ಸಿಹಿನೀರಿನ ಮೀನನ್ನೇ ಮೆಚ್ಚುತ್ತಾರೆ. ಕೆಲವರು ಉಪ್ಪುನೀರಿನ ಮೀನಿಗೆ ಮನಸೋಲುತ್ತಾರೆ. ಇದು ಬರಿಯ ಅಭಿರುಚಿಯ ಭೇದವೆಂದು ತೋರಬಹುದು. ಆದರೆ ಅದರ ಮೂಲವಿರುವುದು ಮೀನಿನ ದೇಹಧರ್ಮದಲ್ಲಿ. ಅದನ್ನರಿಯದೆ ತೊಟ್ಟಿ ಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಮೂಕಪ್ರಾಣಿಗಳ ಸಾವಿಗೂ ಕಾರಣರಾಗುತ್ತಾರೆ.

ಮೀನುಗಳನ್ನು ನೀರಿನ ಮೇರೆಗೆ ವಿಂಗಡಿಸುವ ಪದ್ಧತಿ ಕನ್ನಡನಾಡಿಗೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗದಲ್ಲಿ ಕಡಲ ಮೀನು, ಹೊಳೆಯ ಮೀನು ಎಂಬ ವಿಭಾಗವನ್ನೂ ಮೀನುಗಳಿಗೆ ಹಾಕತಕ್ಕ ತಿನಿಸನ್ನೂ ಹೇಳಿದೆ. ಅರಸನ ಲಕ್ಷ್ಯವಿದ್ದುದು ಗಾಳದ ವಿನೋದದ ಮೇಲೆ ಎಂಬುದು ಬೇರೆಯ ಮಾತು. ಗಾಜಿನ ತೊಟ್ಟಿಯ ಹವ್ಯಾಸ ಬಲಿತದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. 1850ರ ಸುಮಾರಿಗೆ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಚಿನ್ನದ ಮೀನು, ಜಲಸಸ್ಯ, ಬಸವನಹುಳು ಈ ಮೂರನ್ನೂ ಒಂದೇ ತೊಟ್ಟಿಯಲ್ಲಿರಿಸಿ, ಅವು ಪರಸ್ಪರ ಆಶ್ರಯದಿಂದ ಬಾಳಬಲ್ಲವೆಂದು ತೋರಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಎಂಬುವನ ಗ್ರಂಥದಿಂದ ಅಕ್ವೇರಿಯಂ ಎಂಬ ಶಬ್ದ ಜನಜನಿತವಾಯಿತು. ಕಡಲಿಗೆ ದೂರವಿರುವವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಪಡಿಸುವ ಯತ್ನವೂ ಅವನಿಂದ ನಡೆಯಿತು. ಎರಡು ಕವಲುಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು.

ಇನ್ನು ದೇಹಧರ್ಮದ ವಿಚಾರ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಹೋಳು ನೀರು ಬಿಟ್ಟು ಸುಕ್ಕುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ನೀರು ಹೀರಿ ಉಬ್ಬುತ್ತದೆ. ತೆಳುಪೊರೆಯ ಮೂಲಕ ನೀರು ಉಪ್ಪು ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಸರಿಯುವ ಈ ಕ್ರಿಯೆಗೆ ಅಭಿಸರಣೆಯೆಂದು ಹೆಸರು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪಾದುದರಿಂದ ಅದರ ದೇಹಕ್ಕೆ ನೀರು ಎಡೆಬಿಡದೆ ನುಗ್ಗುತ್ತದೆ. ಅದು ನೀರನ್ನು ಕುಡಿಯುವುದೇ ಇಲ್ಲವೆನ್ನಬಹುದು. ಒಳಬಂದುದನ್ನು ಮೂತ್ರಪಿಂಡಗಳು ಹೊರಹಾಕುತ್ತಲೇ ಇರುತ್ತವೆ. ಕಡಲ ಮೀನಿನದು ಇದಕ್ಕೆ ವಿಪರೀತ. ಸುತ್ತಲೂ ನೀರಿದ್ದರೂ ದೇಹದ ನೀರು ಹೊರಗೆ ಸೋರಿಹೋಗುತ್ತಿರುವುದರಿಂದ ಅದು ಸಮುದ್ರಜಲವನ್ನೇ ಕುಡಿದು, ಮಿಗಿಲಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡಿ ಬದುಕುತ್ತದೆ. ಮೋಲಿಯಂಥ ಕೆಲವು ಮೀನುಗಳು ಎರಡೂ ನೀರಿಗೆ ಒಗ್ಗಬಲ್ಲವು. ಉಳಿದವುಗಳಿಗೆ ಒಂದರ ನೀರು ಇನ್ನೊಂದಕ್ಕೆ ಮೃತ್ಯು.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಕೆರೆಯ ನೀರು ಎಂದೂ ಒಂದೇ ಹದದಲ್ಲಿರುವುದಿಲ್ಲ. ಬೇಸಿಗೆಯಲ್ಲಿ ಬತ್ತಿ ಕಾಯುತ್ತದೆ, ಮುಂಗಾರಿನಲ್ಲಿ ಕೆಮ್ಮಣ್ಣು ಕಲಸಿಕೊಳ್ಳುತ್ತದೆ, ರಾತ್ರಿಗೊಂದು ಹಗಲಿಗೊಂದು ಗುಣ ತಳೆಯುತ್ತದೆ. ಇಂಥ ನೀರಿನಲ್ಲಿ ತಲೆಮಾರುಗಟ್ಟಲೆ ಬಾಳಿದ ಮೀನಿಗೆ ಸಹಿಷ್ಣುತೆ ಹುಟ್ಟುಗುಣ. ಹವಳದ ದಿಬ್ಬಗಳ ಸಮುದ್ರವಾದರೋ ವರ್ಷವಿಡೀ ಬಹುಮಟ್ಟಿಗೆ ಒಂದೇ ಉಪ್ಪು, ಒಂದೇ ಶಾಖ. ಅಲ್ಲಿಯ ಮೀನಿಗೆ ಏರುಪೇರಿನ ಅಭ್ಯಾಸವೇ ಇಲ್ಲ. ರೇಷ್ಮೆಯ ಸೀಮೆಯವರಿಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ. ಮಿಶ್ರತಳಿಯ ಹುಳು ಅಷ್ಟಿಷ್ಟು ಲೋಪವನ್ನು ಸಹಿಸಿಕೊಂಡು ಗೂಡು ಕಟ್ಟುತ್ತದೆ. ದ್ವಿತಳಿಯ ಹುಳು ಶಾಖ, ತೇವ, ಸೊಪ್ಪು ಮೂರರಲ್ಲಿಯೂ ಹದ ಬೇಡುತ್ತದೆ, ಗೂಡು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಆ ಗೂಡಿಗೆ ಬೆಲೆಯಾದರೂ ದೊರೆಯುತ್ತದೆ. ಉಪ್ಪುನೀರಿನ ಮೀನು ಸಾಕಿದವನಿಗೆ ನೋಡುವ ಸುಖವೊಂದೇ ಪ್ರತಿಫಲ.

ಆ ಸುಖವನ್ನು ಅಲ್ಪವೆನ್ನಲಾಗದು. ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಹೊತ್ತ ಕ್ಲೌನ್ ಮೀನು, ಬೇರೆ ಮೀನುಗಳನ್ನು ಕುಟುಕುವ ಅನಿಮೊನಿಯ ಎಳೆಗಳ ನಡುವೆ ನಿರ್ಭಯವಾಗಿ ಮನೆಮಾಡಿಕೊಳ್ಳುತ್ತದೆ. ಆ ಜಾತಿಯಲ್ಲಿ ಹುಟ್ಟುವವೆಲ್ಲ ಗಂಡುಗಳು. ಗುಂಪಿನ ಹಿರಿಯ ಹೆಣ್ಣು ಸತ್ತರೆ ದೊಡ್ಡ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಒಂದು ಬಗೆಯ ಸೀಗಡಿ ದೊಡ್ಡ ಮೀನುಗಳ ಮೈಮೇಲೆ ಹತ್ತಿ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಇಂಥ ವೈಚಿತ್ರ್ಯವನ್ನು ಕಣ್ಣಾರೆ ಕಂಡವರು ಮತ್ತೆ ಗಪ್ಪಿಯ ಕಡೆಗೆ ತಿರುಗಲಾರರು ಎಂಬ ಮಾತಿನಲ್ಲಿ ಸತ್ಯವುಂಟು.

ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನೋಡಬೇಕು. ಕೂಟಗಲ್ಲಿನಿಂದ ಮಂಗಳೂರಿನ ಕಡಲಿಗೆ 300 ಕಿಲೋಮೀಟರಿಗೂ ಮೀರಿದ ಹಾದಿ. ಆದುದರಿಂದ ನೀರನ್ನು ಮನೆಯಲ್ಲಿಯೇ ಸಿದ್ಧಪಡಿಸಬೇಕು. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 200 ಲೀಟರಿನ ತೊಟ್ಟಿಗೆ 7 ಕಿಲೋಗ್ರಾಂ ಬೇಕಾಯಿತು. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಸಮುದ್ರದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮೊದಲಾದವುಗಳೂ ನಿಯತ ಪ್ರಮಾಣದಲ್ಲಿರುವುದರಿಂದ ಅಂಥ ಮಿಶ್ರಣವನ್ನೇ ಕೊಳ್ಳಬೇಕು. ನೀರು ಆವಿಯಾದರೂ ಉಪ್ಪು ಹಿಂದುಳಿಯುವುದರಿಂದ, ಕುಗ್ಗಿದ ಮಟ್ಟಕ್ಕೆ ಉಪ್ಪುನೀರನ್ನಲ್ಲ, ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟು ನೋಡುವಂತೆ ಇಲ್ಲಿಯೂ ಒಂದು ಮಾಪಕವನ್ನು ತೇಲಿಬಿಟ್ಟು ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ ಎಂದು ಪರೀಕ್ಷಿಸುತ್ತಿರಬೇಕು.

ಎರಡು ಬಗೆಯ ತೊಟ್ಟಿಗಳಿಗೂ ಸಮಾನವಾದ ಅಪಾಯ ಅಮೋನಿಯಾ. ಮೀನಿನ ವಿಸರ್ಜನೆಯಿಂದಲೂ ಮಿಕ್ಕ ತಿನಿಸಿನ ಕೊಳೆತದಿಂದಲೂ ಹುಟ್ಟುವ ಈ ವಿಷವನ್ನು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಮೀನು ಬಿಟ್ಟು, ವಾರದೊಳಗೆ ಅವು ಸತ್ತಾಗ ಅಂಗಡಿಯವನನ್ನು ದೂರುವವರು ಇದನ್ನು ತಿಳಿಯಬೇಕು.

ಸಿಹಿನೀರಿನವರ ಹೆಮ್ಮೆಗೆ ಬೇರೊಂದು ಕಾರಣವಿದೆ. ಅವರ ತೊಟ್ಟಿಯಲ್ಲಿ ವಂಶ ಬೆಳೆಯುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಹಳ್ಳಿಯ ಬಾವಿಗಳಿಗೆ ಬಿಡುತ್ತ ಬಂದ ಗಪ್ಪಿ, ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ಫೈಟರ್ ಎಂಬ ಮೀನಿನ ಗಂಡು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ಮಾರುಕಟ್ಟೆಗೆ ಬರುವ ಸಿಹಿನೀರಿನ ಅಲಂಕಾರ ಮೀನುಗಳಲ್ಲಿ ಹೆಚ್ಚಿನವು ಹೀಗೆ ಸಾಕಣೆಯಲ್ಲಿ ಹುಟ್ಟಿದವು. ಉಪ್ಪುನೀರಿನವಾದರೋ ಬಹುಪಾಲು ಕಡಲಿನಿಂದಲೇ ಹಿಡಿದು ತಂದವು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ಸಾಕಣೆಯಲ್ಲಿ ಮರಿಮಾಡಿಸಿರುವುದು ಸಮಾಧಾನದ ಸಂಗತಿ. ಫಿಲಿಪೀನ್ಸ್, ಇಂಡೋನೇಷ್ಯಗಳಲ್ಲಿ ಸಯನೈಡ್ ಎರಚಿ ಮೀನಿಗೆ ಮಂಕು ಹಿಡಿಸಿ ಹಿಡಿದುದರಿಂದ ಹವಳದ ದಿಬ್ಬಗಳೇ ಸತ್ತುಹೋದುದುಂಟು. ಭಾರತದಲ್ಲಿ ಹವಳವನ್ನೂ ಕಡಲ್ಗುದುರೆಯನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ತೆಗೆದು ಮಾರುವುದು ಅಪರಾಧ.

ಹಾಗೆಂದು ಸಿಹಿನೀರಿನವರು ನಿರ್ದೋಷಿಗಳೆಂದು ಭಾವಿಸಬೇಕಾಗಿಲ್ಲ. ಕೇರಳದಲ್ಲಿಯೂ ಕರ್ನಾಟಕದ ದಕ್ಷಿಣ ಭಾಗದಲ್ಲಿಯೂ ಘಟ್ಟದ ಹೊಳೆಗಳಲ್ಲಿರುವ, ಕೆಂಪು ಗೆರೆಯ ‘ಮಿಸ್ ಕೇರಳ’ ಮೀನು ಹವ್ಯಾಸಿಗಳಿಗಾಗಿ ಹಿಡಿದು ಹಿಡಿದು ಅಳಿವಿನ ಭೀತಿಗೆ ಸಿಲುಕಿದೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ತೊಟ್ಟಿಗೆ ಮೀರಿ ಬೆಳೆದಾಗ ಅದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರಿದ್ದಾರೆ. ಕೆರೆಯಲ್ಲಿ ಅದು ಸಂತತಿ ಬೆಳೆಸಿ ಬೆಸ್ತರ ಬಲೆ ಹರಿಯುತ್ತದೆ, ನಾಡಮೀನುಗಳಿಗೆ ಎಡೆಯಿಲ್ಲದಂತೆ ಮಾಡುತ್ತದೆ.

ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಅಕ್ವೇರಿಯವನ್ನು ಕಾಣಿಕೆಯಾಗಿ ಕೊಡುವುದು ಈಚಿನ ವಾಡಿಕೆ. 1983ರಲ್ಲಿ ಆರಂಭವಾದ ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯವನ್ನು ಪ್ರವಾಸದಲ್ಲಿ ಕಂಡುಬಂದ ಮಕ್ಕಳು ತಮ್ಮ ಶಾಲೆಗೂ ಒಂದು ಬೇಕೆಂದು ಹಂಬಲಿಸುವುದು ಸಹಜವೇ. ದಾನಿಗಳು ತೊಟ್ಟಿಯ ಬೆಲೆಯನ್ನಷ್ಟೇ ವಿಚಾರಿಸದೆ, ವಿದ್ಯುತ್ತು ಹೋದಾಗ ಏನಾಗುವುದು, ಬೇಸಿಗೆಯ ರಜೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಬೇಕು. ಉಪ್ಪುನೀರು ಸಿಹಿನೀರಿಗಿಂತ ಕಡಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಗಾಳಿಯ ಪಂಪು ನಿಂತರೆ ಅಲ್ಲಿಯ ಮೀನು ಬೇಗ ಉಸಿರುಗಟ್ಟುತ್ತದೆ. ಏಪ್ರಿಲ್ ತಿಂಗಳಲ್ಲಿ ಶಾಲೆಗೆ ಬೀಗ ಬಿದ್ದಾಗ ಹತ್ತು ಗಪ್ಪಿಗಳನ್ನು ಅಧ್ಯಾಪಕರೊಬ್ಬರು ಮನೆಗೆ ಒಯ್ದು, ನೆರಳಿನ ಕಲ್ಲುಬಾನಿಯಲ್ಲಿ ಒಂದು ಹಿಡಿ ಜಲಸಸ್ಯದೊಡನೆ ಎರಡು ತಿಂಗಳು ಇರಿಸಿಕೊಂಡು, ಜೂನ್ ತಿಂಗಳಲ್ಲಿ ಇಪ್ಪತ್ತಾಗಿ ಹಿಂದಿರುಗಿಸಬಹುದು. ಕಡಲ ಮೀನಿಗೆ ಈ ಬಯಲುಸೀಮೆಯಲ್ಲಿ ಅಂಥ ಎರಡನೆಯ ಮನೆಯಿಲ್ಲ.